ನೋಡಿದರೆ ಏಳುವ ತಗಡು

ಆ ಪ್ರಯೋಗಾಲಯದಲ್ಲಿ ಅವಳಿಗೊಂದು ಹೆಸರಿತ್ತು, ಹೆಸರಿನ ಹಿಂದೆ ಡಿಗ್ರಿ ಇತ್ತು, ಎರಡನ್ನೂ ಬರೆದ ಫಲಕ ಬಾಗಿಲ ಮೇಲಿತ್ತು. ಆದರೂ ಕಾವಲುಗಾರನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಸೊಸೆ ಎಂದೇ. ತಪ್ಪು ಅವರದಲ್ಲ. ಲೋಹದ ಪೊರೆಗಳ ವಿಭಾಗಕ್ಕೆ ಕೆಲಸಕ್ಕೆ ಸೇರಿ, ಆ ವಿಭಾಗದ ಮುಖ್ಯಸ್ಥೆಯ ಮಗನನ್ನೇ ಮದುವೆಯಾದವಳನ್ನು ಜನ ಇನ್ನೇನೆಂದು ಕರೆದಾರು? ಮಗ ಹಲ್ಲಿನ ಡಾಕ್ಟರು, ಸೊಟ್ಟ ಹಲ್ಲಿಗೆ ತಂತಿ ಕಟ್ಟುವುದರಲ್ಲಿ ಎತ್ತಿದ ಕೈ. ಒಂದು ದಿನ ಅಮ್ಮ ಮನೆಯಲ್ಲಿ ಮರೆತ ಕನ್ನಡಕ ಕೊಡಲು ಬಂದವನು, ಯಂತ್ರದ ಮುಂದೆ ಆಕಳಿಸುತ್ತಿದ್ದ ಇವಳನ್ನು ಕಂಡು, ಕೆಳಗಿನ ಸಾಲಿನಲ್ಲಿ ಎರಡು ಹಲ್ಲು ಜಗಳವಾಡುತ್ತಿವೆ ಎಂದು ಹೇಳಿದ್ದನಂತೆ. ಪ್ರೇಮ ಶುರುವಾಗಲು ಅಷ್ಟು ಸಾಕಾಯಿತು. ಹಲ್ಲುಗಳು ಇನ್ನೂ ಜಗಳವಾಡುತ್ತಲೇ ಇವೆ.

ಅತ್ತೆ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಕಥೆಯಲ್ಲಿ ಅತ್ತೆ ಬಂದ ಕೂಡಲೇ ಓದುವವರೆಲ್ಲ ಎದ್ದು ಸೊಸೆಯ ಕಡೆ ಹೋಗಿ ಕೂತುಬಿಡುತ್ತಾರೆ. ಅವರಿಗಿದ್ದ ಚಾಳಿ ಒಂದೇ, ನೋಡುವುದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಉಳಿದವರು ಆಡಿ ಮರೆಯುತ್ತಾರೆ, ಅತ್ತೆ ಅದನ್ನು ಪಾಲಿಸುತ್ತಿದ್ದರು. ಹಾಲು ಉಕ್ಕುತ್ತಿದೆಯೇ ಎಂದು ನೋಡುತ್ತಿದ್ದರು. ಸೊಸೆ ಹಾಲನ್ನು ನೋಡುತ್ತಿದ್ದಾಳೆಯೇ ಎಂದು ನೋಡುತ್ತಿದ್ದರು. ಮಾವ ಸ್ನಾನ ಮುಗಿಸಿ ಬಂದರೆ ನಲ್ಲಿ ಸರಿಯಾಗಿ ನಿಲ್ಲಿಸಿದ್ದಾರೆಯೇ ಎಂದು ಹೋಗಿ ನೋಡುತ್ತಿದ್ದರು, ನಿಲ್ಲಿಸಿದ್ದರೆ ಸ್ವಲ್ಪ ನಿರಾಶೆಯಿಂದ ಹಿಂತಿರುಗುತ್ತಿದ್ದರು. ಮಾವ ನಿವೃತ್ತ ಸರ್ವೇಯರು. ಜೀವಮಾನವಿಡೀ ಪರರ ಜಮೀನು ಅಳೆದವರು, ಈಗ ಮನೆಯಲ್ಲಿ ತಮ್ಮನ್ನೇ ಅಳೆಯುತ್ತಿದ್ದರೂ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಸುಖವಾಗಿದ್ದರು.

ಈ ಅತ್ತೆ ಸೊಸೆ ಮಾಡುತ್ತಿದ್ದ ಕೆಲಸವನ್ನು ಹೊರಗಿನವರಿಗೆ ಹೇಳಿದರೆ ನಗುತ್ತಾರೆ, ಹೇಳದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ತಲೆಗೂದಲೊಂದನ್ನು ಉದ್ದಕ್ಕೆ ಸಾವಿರ ಸೀಳು ಮಾಡಿದರೆ ಒಂದು ಸೀಳು ಎಷ್ಟು ತೆಳುವೋ ಅಷ್ಟು ತೆಳುವಾದ ಅಲ್ಯೂಮಿನಿಯಂ ತಗಡು. ಅದರಲ್ಲಿ ಪುಟ್ಟದೊಂದು ಪಟ್ಟಿಯನ್ನು ಮೂರು ಕಡೆ ಕತ್ತರಿಸಿ, ಒಂದು ಕಡೆ ಮಾತ್ರ ಅಂಟಿಕೊಂಡಿರುವಂತೆ ಬಿಡುವುದು, ಗೋಡೆಗೆ ಹೊಡೆದ ಶೆಲ್ಫಿನ ಹಲಗೆಯ ಹಾಗೆ. ಅದನ್ನು ಯಂತ್ರದ ಹೊಟ್ಟೆಯಲ್ಲಿಟ್ಟು, ಒಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಹೀರಿಸಿ, ಮೇಲಿನಿಂದ ಅಯಾನು ಕಿರಣ ಬಿಡುವುದು. ಅಯಾನು ಎಂದರೆ ಎಲೆಕ್ಟ್ರಾನು ಕಳೆದುಕೊಂಡ ಪರಮಾಣು. ಕಳೆದುಕೊಂಡ ಸಿಟ್ಟಿಗೋ ಏನೋ, ವಿದ್ಯುತ್ತು ಅಟ್ಟಿದ ದಿಕ್ಕಿಗೆ ಗುಂಡಿನಂತೆ ನುಗ್ಗುತ್ತದೆ. ಇಂಥವು ಲೆಕ್ಕವಿಲ್ಲದಷ್ಟು ಬಂದು ತಗಡಿನ ಮೇಲ್ಪದರಕ್ಕೆ ಬಡಿದು, ಅಲ್ಲಿದ್ದ ಪರಮಾಣುಗಳನ್ನು ತಳ್ಳಿ ಚೆಲ್ಲಾಪಿಲ್ಲಿ ಮಾಡುತ್ತವೆ. ಕೆಳಪದರಕ್ಕೆ ಇದರ ಸುದ್ದಿಯೇ ಮುಟ್ಟುವುದಿಲ್ಲ. ಮೇಲಿನದಕ್ಕೂ ಕೆಳಗಿನದಕ್ಕೂ ಹೊಂದಾಣಿಕೆ ತಪ್ಪಿ ಪಟ್ಟಿ ಬಗ್ಗುತ್ತದೆ, ಬಿಸಿಲಿಗಿಟ್ಟ ಚಪ್ಪಲಿ ಮೂತಿ ತಿರುಗಿಸುವ ಹಾಗೆ. ಇಕ್ಕಳ ತಾಗಿಸದೆ ಹೀಗೆ ಬಗ್ಗಿಸಿ ಬಗ್ಗಿಸಿ, ಧೂಳಿನ ಕಣದೊಳಗೆ ಹಿಡಿಸುವ ಸುರುಳಿ, ಪೆಟ್ಟಿಗೆ ಎಲ್ಲ ಮಾಡಬಹುದು. ಯಾಕೆ ಮಾಡಬೇಕು ಎಂದು ಮಾವ ಒಮ್ಮೆ ಕೇಳಿದ್ದರು. ಆ ರಾತ್ರಿಯ ಊಟ ಬಹಳ ಮೌನವಾಗಿ ನಡೆಯಿತು.

ಪಟ್ಟಿ ಯಾವ ಕಡೆಗೆ ಬಗ್ಗುತ್ತದೆ ಎಂಬುದೇ ದೊಡ್ಡ ಪ್ರಶ್ನೆ. ಅತ್ತೆ ಅದಕ್ಕೆ ತಮ್ಮ ಪ್ರಾಯದಲ್ಲೇ ಉತ್ತರ ಕೊಟ್ಟಿದ್ದರು. ಕಿರಣ ಬರುವ ಕಡೆಗೆ, ಅಂದರೆ ಮೇಲಕ್ಕೆ ಏಳುತ್ತದೆ. ಇಷ್ಟು ಡೋಸು, ಅಂದರೆ ಇಷ್ಟು ಅಯಾನಿನ ಹೊಡೆತ, ಕೊಟ್ಟರೆ ಇಷ್ಟು ಏಳುತ್ತದೆ ಎಂದು ಗ್ರಾಫೂ ಹಾಕಿದ್ದರು. ಆ ಗ್ರಾಫು ಪುಸ್ತಕಗಳಲ್ಲಿ ಸೇರಿತು, ಅತ್ತೆ ಮುಖ್ಯಸ್ಥೆಯಾದರು. ಆ ವಿಭಾಗದಲ್ಲಿ ಅವರ ಮುಂದೆ ಎದ್ದು ನಿಲ್ಲದ ಪ್ರಾಣಿಯೇ ಇರಲಿಲ್ಲವಾದ್ದರಿಂದ, ತಗಡೂ ಎದ್ದು ನಿಲ್ಲುತ್ತದೆ ಎಂದಾಗ ಯಾರೂ ಹುಬ್ಬೇರಿಸಲಿಲ್ಲ.

ಹೀಗಿರುವಾಗ ಹೊಸ ಯಂತ್ರ ಬಂತು. ಹಳೆಯದರಲ್ಲಿ ಇದ್ದದ್ದು ಅಯಾನು ಕಿರಣ ಒಂದೇ, ಹೊಡೆಯುವುದಕ್ಕೂ ಅದೇ, ಒಳಗಿನ ಚಿತ್ರ ನೋಡುವುದಕ್ಕೂ ಅದೇ. ಹೊಸದರಲ್ಲಿ ಹೊಡೆಯಲು ಅಯಾನು, ನೋಡಲು ಬೇರೆಯೇ ಎಲೆಕ್ಟ್ರಾನು. ಅದರ ಉಸ್ತುವಾರಿ ಸೊಸೆಗೆ ಬಂತು, ಜೊತೆಗೊಂದು ಕೆಲಸವೂ ಬಂತು. ಅತ್ತೆಯ ಹಳೆಯ ಗ್ರಾಫನ್ನು ಹೊಸ ಯಂತ್ರದಲ್ಲಿ ಮತ್ತೊಮ್ಮೆ ಮಾಡಿ, ಒಳ್ಳೊಳ್ಳೆ ಚಿತ್ರ ಹಾಕಿ ಪ್ರಬಂಧ ಬರೆಯಬೇಕು. ಮೊದಲ ಹೆಸರು ಸೊಸೆಯದು, ಕೊನೆಯ ಹೆಸರು ಅತ್ತೆಯದು. ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮೊದಲ ಹೆಸರಿನ ಪ್ರಬಂಧವೊಂದು ಅಚ್ಚಾದರೆ ಆಗುತ್ತದೆ ಎಂದು ನಿರ್ದೇಶಕರು ಹೇಳಿದ್ದರು. ಅವಳಿಗೆ ಅದಕ್ಕಿಂತ ದೊಡ್ಡ ಆಸೆ ಇನ್ನೊಂದಿತ್ತು. ಆ ಕಟ್ಟಡದಲ್ಲಿ ಒಬ್ಬರಾದರೂ ತನ್ನನ್ನು ಹೆಸರು ಹಿಡಿದು ಕರೆಯಬೇಕು.

ಪಟ್ಟಿ ಕೆಳಕ್ಕೆ ಬಗ್ಗಿತು.

ಅತ್ತೆಯ ಗ್ರಾಫಿನಲ್ಲಿದ್ದಷ್ಟೇ ಡೋಸು, ಅಷ್ಟೇ ದಪ್ಪದ ತಗಡು. ಮೇಲೇಳುವ ಬದಲು ಬೈಸಿಕೊಂಡವರ ಹಾಗೆ ತಲೆ ತಗ್ಗಿಸಿತು. ಇನ್ನೊಂದು ಪಟ್ಟಿ ಇಟ್ಟಳು, ಅದೂ ತಗ್ಗಿಸಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತಾಯಿತು. ಅತ್ತೆಗೆ ತೋರಿಸಿದಾಗ ಅವರು ಕನ್ನಡಕ ಸರಿಮಾಡಿಕೊಂಡು ಚಿತ್ರವನ್ನು ನೋಡಿ, ಆಮೇಲೆ ಸೊಸೆಯನ್ನು ನೋಡಿ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದರು. ಸೊಸೆ ನೆಲದ ಬಗ್ಗೆ ಏನೂ ಹೇಳಿರಲಿಲ್ಲ. ಆದರೂ ಅಂದಿನಿಂದ ನೆಲವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಪರೀಕ್ಷಿಸಿದ್ದಾಯಿತು. ಲೋಹವನ್ನು ಲೇಪದಂತೆ ಹಾಕಿ ಈ ತಗಡು ತಯಾರಿಸುವ ಸಹೋದ್ಯೋಗಿಯೊಬ್ಬನಿದ್ದ, ಎಲ್ಲರೂ ಅವನನ್ನು ಲೇಪ ಎಂದೇ ಕರೆಯುತ್ತಿದ್ದರು. ಅವನ ತಗಡಿನಲ್ಲಿ ಮೊದಲೇ ಬಿಗಿತ ಇದೆ ಎಂದು ಅತ್ತೆ ಅವನನ್ನು ಹಿಡಿದರು. ಅವನು ಹೊಸದಾಗಿ ಲೇಪ ಹಾಕಿ ಕೊಟ್ಟ, ಅದೂ ತಲೆ ತಗ್ಗಿಸಿತು. ಯಂತ್ರದ ಕಂಪನಿಯವನು ಬಂದು ಎಲ್ಲ ಸರಿ ಇದೆ ಎಂದು ಸಹಿ ಹಾಕಿ ಹೋದ. ಕೊನೆಗೆ ಉಳಿದದ್ದು ಸೊಸೆಯ ಕೈ. ಅತ್ತೆ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಮನೆಯಲ್ಲಿ ಅವಳು ಚಾಕು ಹಿಡಿಯುವುದನ್ನು ಎರಡೆರಡು ಸಲ ನೋಡತೊಡಗಿದರು.

ನಿಜ ಹೊರಬಿದ್ದದ್ದು ಒಂದು ತಂತಿ ಸುಟ್ಟಿದ್ದರಿಂದ. ಎಲೆಕ್ಟ್ರಾನು ಹೊರಡಿಸುವ ಫಿಲಮೆಂಟು, ಬಲ್ಬಿನೊಳಗಿನ ತಂತಿಯಂಥದ್ದು, ಒಂದು ಬೆಳಿಗ್ಗೆ ಸತ್ತುಹೋಯಿತು. ಹೊಸದು ಬರುವವರೆಗೆ ಕೈಕಟ್ಟಿ ಕೂರಲಾಗದೆ, ಸೊಸೆ ಹಿಂದಿನ ದಿನ ತಲೆ ತಗ್ಗಿಸಿದ್ದ ಪಟ್ಟಿಯನ್ನು ಅಯಾನು ಕಿರಣದಿಂದಲೇ ನೋಡಿದಳು, ಹಳೆಯ ಯಂತ್ರದಲ್ಲಿ ಎಲ್ಲರೂ ಮಾಡುತ್ತಿದ್ದ ಹಾಗೆ. ಚಿತ್ರ ಮಸುಕಾಗಿತ್ತು. ಸರಿಮಾಡಿಕೊಂಡು ಮತ್ತೆ ನೋಡಿದಳು. ಹತ್ತಿರದಿಂದ ನೋಡಿದಳು, ದೂರದಿಂದ ನೋಡಿದಳು. ನೋಡನೋಡುತ್ತಿದ್ದಂತೆ ಪಟ್ಟಿ ಸೊಂಟ ನೆಟ್ಟಗೆ ಮಾಡಿಕೊಂಡು, ನಿಧಾನವಾಗಿ, ಮಧ್ಯಾಹ್ನದ ನಿದ್ದೆ ಮುಗಿಸಿದವರ ಹಾಗೆ ಮೇಲೆ ಎದ್ದಿತು.

ಸೊಸೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. ಆಮೇಲೆ ಒಂದು ಹೊಸ ಪಟ್ಟಿ ಇಟ್ಟು, ಅದಕ್ಕೆ ಡೋಸೇ ಕೊಡದೆ, ಸುಮ್ಮನೆ ನೋಡುತ್ತ ಹೋದಳು. ಅದು ಮೊದಲು ತಗ್ಗಿತು. ಇನ್ನೂ ನೋಡಿದಳು. ನಿಂತಿತು, ನೆಟ್ಟಗಾಯಿತು, ಎದ್ದಿತು. ವಿಷಯ ಇಷ್ಟೇ. ಅಯಾನಿಗೆ ತಾನು ಹೊಡೆಯಲು ಬಂದೆನೋ ನೋಡಲು ಬಂದೆನೋ ಎಂಬ ಭೇದ ಗೊತ್ತಿಲ್ಲ. ನೋಡುವ ಕಿರಣ ಎಷ್ಟೇ ಸಣ್ಣದಿರಲಿ, ಅದೂ ಹೊಡೆತವೇ. ಕಡಿಮೆ ಹೊಡೆತಕ್ಕೆ ತಗಡಿನ ಮೇಲ್ಪದರ ಉಬ್ಬಿ ಪಟ್ಟಿ ತಗ್ಗುತ್ತದೆ. ಹೊಡೆತ ಹೆಚ್ಚಿದರೆ ಅದೇ ಪದರ ಕುಗ್ಗಿ, ಎಳೆದು, ಪಟ್ಟಿಯನ್ನು ಎಬ್ಬಿಸುತ್ತದೆ. ಅತ್ತೆ ಹಳೆಯ ಯಂತ್ರದ ಮುಂದೆ ಕೂತು ಹೊಡೆದದ್ದನ್ನೆಲ್ಲ ಲೆಕ್ಕಕ್ಕೆ ಹಿಡಿದಿದ್ದರು. ನೋಡಿದ್ದನ್ನು ಹಿಡಿದಿರಲಿಲ್ಲ. ಬೇರೆ ಯಾರೇ ಆಗಿದ್ದರೂ ಒಂದೆರಡು ಸಲ ನೋಡಿ ಎದ್ದು ಹೋಗುತ್ತಿದ್ದರು, ತಪ್ಪು ಸಣ್ಣದರಲ್ಲಿ ಮುಗಿಯುತ್ತಿತ್ತು. ಅತ್ತೆ ಹೊಡೆಯುವ ಮುಂಚೆ ನೋಡುವವರು, ಹೊಡೆದ ಮೇಲೆ ನೋಡುವವರು, ನೋಡಿದ್ದು ಸರಿಯೇ ಎಂದು ನೋಡುವವರು. ಪುಸ್ತಕಗಳಲ್ಲಿ ಸೇರಿದ್ದ ಆ ಗ್ರಾಫು ಲೋಹದ ಗುಣವನ್ನು ಹೇಳುತ್ತಿರಲಿಲ್ಲ, ಅತ್ತೆಯ ಗುಣವನ್ನು ಹೇಳುತ್ತಿತ್ತು.

ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡಂತಾಯಿತು ಅವಳ ಸ್ಥಿತಿ. ಬೇರೆ ಮನೆಗಳಲ್ಲಿ ಸೊಸೆಗೆ ಅತ್ತೆಯ ತಪ್ಪು ಸಿಕ್ಕರೆ ಹಬ್ಬ. ಇವಳು ಕ್ಯಾಲೆಂಡರು ನೋಡಿದಳು. ಪ್ರಬಂಧ ಶುಕ್ರವಾರ ಹೋಗಬೇಕು, ಪಟ್ಟಿ ಮೇಲಕ್ಕೆ ಏಳುತ್ತದೆ ಎಂದು ಅತ್ತೆ ಅದರ ಶೀರ್ಷಿಕೆಯಲ್ಲೇ ಬರೆದಿಟ್ಟಿದ್ದರು. ಗಂಡನಿಗೆ ಹೇಳಿಕೊಂಡಳು. ಅವನು ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎನ್ನುವ ಜಾತಿಯವನು. ಯಾವುದಾದರೂ ಅಡಿಟಿಪ್ಪಣಿಯಲ್ಲಿ ಚಿಕ್ಕ ಅಕ್ಷರದಲ್ಲಿ ಸೇರಿಸಿಬಿಡು ಎಂದ. ಅದಾಗುವುದಿಲ್ಲ ಎಂದಾಗ ತನ್ನ ವೃತ್ತಿಯ ಗುಟ್ಟನ್ನೇ ಬಿಟ್ಟುಕೊಟ್ಟ.

"ನೋವಾಗಲ್ಲ ಅಂತ ಹೇಳ್ತಾ ಹೇಳ್ತಾ ಕಿತ್ತುಬಿಡಬೇಕು ಕಣೇ. ನಮ್ಮಲ್ಲಿ ಹಾಗೇ ಮಾಡೋದು."

ಮಾವ ಪತ್ರಿಕೆಯ ಹಿಂದಿನಿಂದಲೇ, ತಾವೂ ಮದುವೆಯಾದ ಹೊಸತರಲ್ಲಿ ಒಮ್ಮೆ ಹೆಂಡತಿಗೆ ತಪ್ಪು ಅಂತ ಹೇಳಿದ್ದುಂಟು ಎಂದರು. ಆಮೇಲೇನಾಯಿತು ಎಂದು ಸೊಸೆ ಕೇಳಿದ್ದಕ್ಕೆ ಪುಟ ತಿರುವಿದರು.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಎರಡು ದಿನ ಅವಳು ಬಾಯಿ ತೆರೆದಳು, ಮುಚ್ಚಿದಳು. ಗುರುವಾರ ಬೆಳಿಗ್ಗೆ ಹೊಸ ಫಿಲಮೆಂಟು ಬಂತು, ಅದರ ಜೊತೆಗೆ ಒಂದು ಕೆಟ್ಟ ಯೋಚನೆಯೂ ಬಂತು. ಡೋಸನ್ನು ಸ್ವಲ್ಪ ಜಾಸ್ತಿ ಕೊಟ್ಟರೆ ಸಾಕು, ಪಟ್ಟಿ ಏಳುತ್ತದೆ. ಚಿತ್ರ ಸುಳ್ಳಲ್ಲ, ಕೆಳಗೆ ಬರೆಯುವ ಅಂಕಿ ಮಾತ್ರ ಹಳೆಯದು. ಯಾರಿಗೂ ನಷ್ಟವಿಲ್ಲ, ಕೆಲಸ ಕಾಯಂ, ಮನೆಯಲ್ಲಿ ಶಾಂತಿ. ಕೊಟ್ಟಳು. ಎದ್ದಿತು. ಚಿತ್ರ ತೆಗೆದು ಪರದೆಯ ಮೇಲೆ ಹಾಕಿಕೊಂಡಳು. ಬಹಳ ಚೆನ್ನಾಗಿ ಬಂದಿತ್ತು. ಅದನ್ನು ನೋಡುತ್ತ ಅವಳಿಗೆ ನಾಚಿಕೆಯಾಯಿತು, ಪರೀಕ್ಷೆಯಲ್ಲಿ ಪಕ್ಕದವರದ್ದು ನೋಡಿ ಬರೆದಾಗ ಆಗುವಂಥದ್ದಲ್ಲ, ಅದಕ್ಕಿಂತ ಆಳದ್ದು. ಮೊದಲ ಸಲ ತನ್ನ ಹೆಸರು ಅಚ್ಚಾಗುವ ಕಡೆ ತಾನು ಕಾಣದ್ದನ್ನು ಬರೆಯಲು ಹೊರಟಿದ್ದಳು.

ಅಷ್ಟರಲ್ಲಿ ಅತ್ತೆ ಒಳಗೆ ಬಂದರು. ಪರದೆಯ ಮೇಲಿನ ಚಿತ್ರ ಕಂಡು ಅವರ ಮುಖ ಅರಳಿತು. ಅವಳ ಹೆಗಲ ಮೇಲೆ ಕೈಯಿಟ್ಟರು, ಮದುವೆಯ ದಿನ ಫೋಟೋದವನು ಹೇಳಿದಾಗ ಇಟ್ಟದ್ದು ಬಿಟ್ಟರೆ ಇದೇ ಮೊದಲು. ಕೊನೆಗೂ ಕೈ ಕುದುರಿತಲ್ಲ, ನನಗೆ ಗೊತ್ತಿತ್ತು ಎಂದರು. ಆ ಕೈಯ ಭಾರ ಅವಳಿಗೆ ಎಷ್ಟು ಹಿತವಾಯಿತೆಂದರೆ ಅಳು ಬಂದಂತಾಯಿತು. ಅತ್ತೆ ಅಲ್ಲಿಗೆ ಬಿಟ್ಟಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ, ಪ್ರಬಂಧ ಹಾಗೇ ಹೋಗುತ್ತಿತ್ತು. ಆದರೆ ಬಿಟ್ಟರೆ ಅವರು ಅತ್ತೆ ಹೇಗಾದಾರು? ಯಂತ್ರದೊಳಗೆ ಪಕ್ಕದಲ್ಲೇ ಇನ್ನೂ ಮುಟ್ಟದ ಪಟ್ಟಿಯೊಂದಿತ್ತು. ಅದನ್ನೊಂದು ಸಲ ನೋಡುತ್ತೇನೆ ಎಂದು ಬಾಗಿ, ಹಳೆಯ ಅಭ್ಯಾಸದಂತೆ, ಎಲೆಕ್ಟ್ರಾನನ್ನು ಬಿಟ್ಟು ಅಯಾನಿನ ಗುಂಡಿಗೆ ಬೆರಳಿಟ್ಟರು.

"ನೋಡಬೇಡಿ," ಎಂದಳು ಸೊಸೆ.

ಆ ಮಾತನ್ನು ಅತ್ತೆಗೆ ಅದುವರೆಗೆ ಯಾರೂ ಹೇಳಿರಲಿಲ್ಲ, ಹೆತ್ತವರೂ ಹೇಳಿರಲಾರರು. ಮೂಲೆಯಲ್ಲಿದ್ದ ಲೇಪ ಚಹಾ ಕುಡಿದು ಬರುತ್ತೇನೆಂದು ಎದ್ದು ಹೋದ. ಅವನು ಚಹಾ ಕುಡಿಯುವವನೇ ಅಲ್ಲ.

ಅತ್ತೆ ಬೆರಳು ತೆಗೆಯದೆ ಯಾಕೆ ಎಂದು ಕೇಳಿದರು. ಸೊಸೆಗೆ ಗಂಡ ಕಲಿಸಿದ್ದೆಲ್ಲ ಮರೆತುಹೋಯಿತು.

"ನೀವು ನೋಡಿದ್ರೆ ಅದು ಬಗ್ಗುತ್ತೆ ಮೇಡಂ. ಹಳೇ ಯಂತ್ರದಲ್ಲೂ ನಿಮ್ಮ ಪಟ್ಟಿಗಳು ಎದ್ದಿದ್ದು ನೀವು ನೋಡಿದ್ದಕ್ಕೆ. ಹೊಡೆದಿದ್ದನ್ನ ಲೆಕ್ಕ ಹಾಕಿದೀರಿ, ನೋಡಿದ್ದನ್ನ ಹಾಕಿಲ್ಲ. ಈ ಚಿತ್ರಾನೂ ಸುಳ್ಳು. ಡೋಸು ಜಾಸ್ತಿ ಕೊಟ್ಟು ನಾನೇ ಎಬ್ಬಿಸಿದ್ದು."

ಹೆಗಲ ಮೇಲಿದ್ದ ಕೈ ಹೋಯಿತು. ಅತ್ತೆ ಮೊದಲು ವಾದ ಹೂಡಿದರು, ವಾದದಲ್ಲಿ ಅವರು ಗಟ್ಟಿ. ನೋಡಲು ಬಳಸುವ ಕಿರಣ ಎಷ್ಟು ಕ್ಷೀಣ ಎಂದು ವಿವರಿಸಿದರು, ಅದನ್ನೆಲ್ಲ ಡೋಸಿಗೆ ಸೇರಿಸುವ ಪದ್ಧತಿ ಆ ಕಾಲದಲ್ಲಿ ಯಾರಿಗೂ ಇರಲಿಲ್ಲ ಎಂದರು. ಎರಡೂ ನಿಜ.

"ಒಂದು ಸಲ ನೋಡಿದ್ರೆ ಏನಾಗಿಬಿಡುತ್ತೆ?" ಎಂದರು ಕೊನೆಗೆ.

"ಒಂದೇ ಸಲ ಅಲ್ವಲ್ಲ ಅತ್ತೆ."

ಅದನ್ನು ಅವಳು ಮೆತ್ತಗೇ ಹೇಳಿದಳು. ಆ ಮಾತು ತಗಡಿನಷ್ಟಕ್ಕೇ ನಿಲ್ಲದೆ ಮನೆಯವರೆಗೂ ಹೋಗಿ ಬಂತು ಎಂಬುದು ಅತ್ತೆಯ ಮುಖದಲ್ಲೇ ಕಾಣುತ್ತಿತ್ತು. ಆಮೇಲೆ ಬೆರಳು ಹಿಂದೆ ತೆಗೆದುಕೊಂಡು, ಆ ಮುಟ್ಟದ ಪಟ್ಟಿಗೆ ತಾವೇ ಡೋಸು ಕೊಡುತ್ತೇನೆ, ನೋಡದೆ ಕೊಡುತ್ತೇನೆ ಎಂದರು. ಹಳೆಯ ಗ್ರಾಫಿನ ಅಂಕಿಯನ್ನೇ ಹಾಕಿದರು. ಅದಕ್ಕೆ ಪುಸ್ತಕ ತೆಗೆಯಬೇಕಾಗಲಿಲ್ಲ. ಪರದೆ ಕಪ್ಪಾಯಿತು, ಕಿರಣ ಹೊರಟಿತು, ಪಂಪಿನ ಸದ್ದು ಮಾತ್ರ ಉಳಿಯಿತು.

ನೋಡದೆ ಕೂರುವುದು ಅತ್ತೆಗೆ ಬರುತ್ತಿರಲಿಲ್ಲ. ಕೈಗಳನ್ನು ತೊಡೆಯ ಮೇಲಿಟ್ಟರು, ತೆಗೆದರು, ಕೋಟಿನ ಜೇಬಿಗೆ ಹಾಕಿದರು. ಎದ್ದು ಕಿಟಕಿಯವರೆಗೆ ಹೋಗಿ ಹೊರಗೆ ಕಾರು ನಿಲ್ಲಿಸುತ್ತಿದ್ದವನು ಸರಿಯಾಗಿ ನಿಲ್ಲಿಸುತ್ತಿದ್ದಾನೆಯೇ ಎಂದು ನೋಡಿದರು, ಅದರಲ್ಲಿ ಮನಸ್ಸಿರಲಿಲ್ಲ. ವಾಪಸು ಬಂದು ಈಗ ನೋಡಬಹುದೇ ಎಂದು ಕೇಳಿದರು. ಇನ್ನೂ ಇಲ್ಲ ಎಂದಳು ಸೊಸೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಗಾದೆ ಕಟ್ಟಿದವರು ಆ ಕುರ್ಚಿಯ ಮೇಲೆ ಕೂತಿದ್ದವರನ್ನು ನೋಡಬೇಕಿತ್ತು.

"ಹಳೇ ಗ್ರಾಫ್ ಸರಿಮಾಡೋಕಾಗುತ್ತಾ?" ಎಂದು ಅತ್ತೆ ಕೇಳಿದರು. "ನೋಡಿದ್ದನ್ನೂ ಸೇರಿಸಿ?"

"ಆಗುತ್ತೆ. ಎಷ್ಟೆಷ್ಟು ಸಲ ನೋಡಿದ್ರಿ ಅಂತ ಗೊತ್ತಿದ್ರೆ."

ಅತ್ತೆ ಇಲ್ಲವೆಂದು ತಲೆಯಾಡಿಸಿದರು. ಅಂಥದ್ದನ್ನು ಯಾರು ಲೆಕ್ಕ ಇಡುತ್ತಾರೆ? ಗೆದ್ದ ಖುಷಿ ಬರಬಹುದೆಂದು ಸೊಸೆ ಒಳಗೊಳಗೇ ಕಾದಿದ್ದಳು. ಬಂದದ್ದು ಮರುಕ. ಒಬ್ಬ ಹೆಂಗಸು ತನ್ನ ಪ್ರಾಯವನ್ನೆಲ್ಲ ಸುರಿದು ಮಾಡಿದ ಕೆಲಸ, ಸೋಮಾರಿತನದಿಂದ ಕೆಟ್ಟಿದ್ದರೆ ಬೈಯಬಹುದಿತ್ತು. ಕೆಟ್ಟದ್ದು ಅತಿಯಾದ ಎಚ್ಚರದಿಂದ.

ಕಿರಣ ನಿಂತಿತು. ಸೊಸೆ ಎಲೆಕ್ಟ್ರಾನಿನ ಗುಂಡಿ ಒತ್ತಿದಳು. ಪಟ್ಟಿ ಕೆಳಕ್ಕೆ ಬಗ್ಗಿತ್ತು, ಅನುಮಾನಕ್ಕೆ ಎಡೆಯಿಲ್ಲದಷ್ಟು. ಅತ್ತೆ ಪರದೆಯ ಹತ್ತಿರ ಮುಖ ತಂದು ನೋಡಿ, ಬಗ್ಗಿದೆ ಎಂದರು. ಪ್ರಬಂಧವನ್ನು ತೆರೆಯಲು ಹೇಳಿ, ಶೀರ್ಷಿಕೆಯಲ್ಲಿದ್ದ ತಮ್ಮ ಮಾತನ್ನು ತಾವೇ ಒಂದೊಂದು ಅಕ್ಷರವಾಗಿ ಅಳಿಸಿದರು. ಆಮೇಲೆ ಹೆಸರುಗಳ ಸಾಲಿಗೆ ಬಂದು, ಕೊನೆಯಲ್ಲಿದ್ದ ತಮ್ಮ ಹೆಸರಿನ ಹತ್ತಿರ ನಿಂತರು.

"ಇದನ್ನೂ ತೆಗೆದುಬಿಡು. ಕಂಡುಹಿಡಿದವಳು ನೀನು. ನನ್ನದೇನಿದೆ ಇದರಲ್ಲಿ?"

"ನಿಮ್ಮ ಹೆಸರು ಇರಲೇಬೇಕು ಅತ್ತೆ," ಎಂದಳು ಸೊಸೆ. "ತಪ್ಪು ಕಂಡುಹಿಡಿದವರು ಯಾರು ಅಂತ ಮೊದಲನೇ ಹೆಸರು ಹೇಳುತ್ತೆ. ಮಾಡಿದವರು ಯಾರು ಅಂತ ಜನ ಕೇಳಿದ್ರೆ?"

ಹೇಳಿದ ಮೇಲೆ ಅವಳೇ ನಾಲಿಗೆ ಕಚ್ಚಿಕೊಂಡಳು. ಅತ್ತೆ ಅವಳನ್ನೇ ನೋಡಿದರು, ಅಡುಗೆಮನೆಯಲ್ಲಿ ನೋಡುವ ಹಾಗಲ್ಲ. ಅವರ ಭುಜ ಅಲುಗತೊಡಗಿತು. ನಗುತ್ತಿದ್ದರು. ನಗುತ್ತ ನಗುತ್ತಲೇ ಕನ್ನಡಕ ತೆಗೆದು ಕೋಟಿನ ತುದಿಯಿಂದ ಕಣ್ಣು ಒರೆಸಿಕೊಂಡರು, ಒರೆಸಿಕೊಂಡ ಮೇಲೂ ಕಣ್ಣು ಒದ್ದೆಯಾಗಿಯೇ ಇತ್ತು. ಸರಿ, ಇರಲಿ ಬಿಡು ಎಂದರು. ಆಮೇಲೆ ಅವಳ ಹೆಸರು ಹಿಡಿದು ಕರೆದು, ಇನ್ನೊಂದು ಸಲ ನೋಡಲೇ ಎಂದು ಕೇಳಿದರು.

ಎಲೆಕ್ಟ್ರಾನಿನಲ್ಲಿ ಎಷ್ಟು ಬೇಕಾದರೂ ನೋಡಿ ಎಂದು ಅವಳು ತನ್ನ ಕುರ್ಚಿ ಬಿಟ್ಟುಕೊಟ್ಟಳು. ಅತ್ತೆ ಕೂತು, ಊಟದ ಹೊತ್ತು ಮೀರುವವರೆಗೂ ತಮ್ಮ ತಪ್ಪನ್ನು ನೋಡುತ್ತಿದ್ದರು.